ಡಿಸೆಂಬರ್ ಚಳಿಯಲ್ಲೂ ಸುಂಟರಗಾಳಿ! ಅದು ಹುಟ್ಟೋದು ಹೇಗೆ?

ನೆಲದ ತುಂಬ ಬೆಳ್ಳಗೆ ಹಿಮ. ಅದರ ಮೇಲೆ ಆನೆ ಸೊಂಡಿಲಿನ ಹಾಗೆ ಮೋಡದಿಂದ ಇಳಿದು ತಿರುಗ್ತಿರೋ ಗಾಳಿ. ಇಂಥ ವಿಡಿಯೋ ವಾಟ್ಸಾಪ್ ಗ್ರೂಪಿಗೆ ಬಂದ್ರೆ ‘ಫೇಕ್ ಕಣೋ’ ಅಂತ ಮುಂದಕ್ಕೆ ಹೋಗ್ತೀವಿ. ಸುಂಟರಗಾಳಿ ಅಂದ್ರೆ ಬೇಸಿಗೆ, ಧಗೆ, ದೂಳು ಅನ್ನೋದು ನಮ್ಮ ತಲೆಯಲ್ಲಿ ಕೂತಿದೆ. ಆದರೆ 1970ರ ಡಿಸೆಂಬರ್ 2ರಂದು ಅಮೆರಿಕದ ಯೂಟಾ ರಾಜ್ಯದ ಬೆಟ್ಟಗಳಲ್ಲಿ ಸುಮಾರು ಮೂರು ಅಡಿ ಹಿಮದ ಮೇಲೆ ಸುಂಟರಗಾಳಿ ಹಾದು ಹೋಗಿದ್ದು ದಾಖಲಾಗಿದೆ. ವಿಡಿಯೋ ಫೇಕ್ ಇರಬಹುದು, ಆದರೆ ಚಳಿಗಾಲದ ಸುಂಟರಗಾಳಿ ಫೇಕ್ ಅಲ್ಲ.

ಬಿಸಿ ಗಾಳಿ ಮೇಲೇಳುತ್ತೆ, ತಣ್ಣನೆ ಗಾಳಿ ಕೆಳಗೆ ಕೂರುತ್ತೆ. ಇದು ಶಾಲೆಯಲ್ಲಿ ಓದಿದ್ದೇ. ಹಾಗಾದ್ರೆ ಚಳಿಗಾಲದಲ್ಲಿ ಮೇಲೇಳೋಕೆ ಏನಿರುತ್ತೆ? ಇದಕ್ಕೆ ಉತ್ತರ ಬೇಕಾದ್ರೆ 2021ರ ಡಿಸೆಂಬರ್ 10ರ ರಾತ್ರಿಗೆ ಹೋಗಬೇಕು.

ಮೇಫೀಲ್ಡ್‌ನ ಆ ರಾತ್ರಿ

ಅಮೆರಿಕದ ಕೆಂಟಕಿ ರಾಜ್ಯದ ಪಶ್ಚಿಮ ಭಾಗ ಅಪ್ಪಟ ಕೃಷಿ ಸೀಮೆ. ಮೆಕ್ಕೆಜೋಳ, ಸೋಯಾ, ಗೋಧಿ, ತಂಬಾಕು, ಜೊತೆಗೆ ಸಾಲುಸಾಲು ಕೋಳಿ ಶೆಡ್‌ಗಳು. ಅಲ್ಲಿನ ಮೇಫೀಲ್ಡ್ ಸುಮಾರು 10 ಸಾವಿರ ಜನರ ಪಟ್ಟಣ. ಡಿಸೆಂಬರ್ ಹೊತ್ತಿಗೆ ಜೋಳ, ಸೋಯಾ ಕೊಯ್ಲು ಮುಗಿದಿರುತ್ತೆ, ಗೋಧಿ ಮೊಳೆತು ನಿಂತಿರುತ್ತೆ, ರೈತ ಸ್ವಲ್ಪ ಉಸಿರು ಬಿಡೋ ಕಾಲ.

ಆ ದಿನ ಒಂದು ವಿಚಿತ್ರ ಇತ್ತು. ಹತ್ತಿರದ ದೊಡ್ಡ ನಗರ ಮೆಂಫಿಸ್‌ನಲ್ಲಿ ಡಿಸೆಂಬರ್ ಹಗಲಲ್ಲಿ ಸಾಮಾನ್ಯವಾಗಿ 12 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತೆ. ಅವತ್ತು 26 ಡಿಗ್ರಿ ಮುಟ್ಟಿ ಹಳೇ ದಾಖಲೆ ಮುರಿಯಿತು. ದಕ್ಷಿಣದ ಮೆಕ್ಸಿಕೋ ಕೊಲ್ಲಿಯಿಂದ ಬೀಸಿದ ಬೆಚ್ಚನೆ, ತೇವದ ಗಾಳಿ ಅದು. ಕ್ರಿಸ್ಮಸ್ ಹತ್ತಿರ ಬಂದ್ರೂ ಸ್ವೆಟರ್ ಬೇಡ ಅನ್ನೋ ಹವೆ. ಅದೇ ಹೊತ್ತಿಗೆ, ಅದೇ ವಾಯುಭಾರ ಕುಸಿತದ ಉತ್ತರ ಅಂಚಿನಲ್ಲಿ, ಮಿನ್ನೆಸೋಟಾ ರಾಜ್ಯದಲ್ಲಿ ಸುಮಾರು ಒಂದು ಅಡಿ ಹಿಮ ಬೀಳ್ತಿತ್ತು. ಒಂದೇ ವ್ಯವಸ್ಥೆ, ಒಂದು ತುದಿಯಲ್ಲಿ ಹಿಮ, ಇನ್ನೊಂದು ತುದಿಯಲ್ಲಿ ಸೆಖೆ. ನಡುವೆ ಸಿಕ್ಕಿದ್ದು ಕೆಂಟಕಿ.

ರಾತ್ರಿ ಒಂಬತ್ತೂವರೆ ಹೊತ್ತಿಗೆ ಸುಂಟರಗಾಳಿ ಮೇಫೀಲ್ಡ್ ನಡುವೆಯೇ ನುಗ್ಗಿತು. ಗಾಳಿಯ ವೇಗ ಗಂಟೆಗೆ 300 ಕಿ.ಮೀ. ಮೀರಿತ್ತು. ಅದೊಂದೇ ಸುಂಟರಗಾಳಿ ಸುಮಾರು ಮೂರು ಗಂಟೆ ನೆಲ ಬಿಡದೆ 260 ಕಿ.ಮೀ.ಗೂ ಹೆಚ್ಚು ದೂರ ಓಡಿತು. ಬೆಂಗಳೂರಿಂದ ಹೊರಟು ದಾವಣಗೆರೆ ಸೇರಿದಷ್ಟು ದೂರ. 57 ಜನ ಸತ್ತರು. ಡಾಸನ್ ಸ್ಪ್ರಿಂಗ್ಸ್ ಅನ್ನೋ ಊರಿನ ಮನೆಯೊಂದರ ಹಳೇ ಫೋಟೋ ಸುಮಾರು 200 ಕಿ.ಮೀ. ದೂರದ ಇಂಡಿಯಾನಾ ರಾಜ್ಯದಲ್ಲಿ ನಿಂತಿದ್ದ ಕಾರಿನ ಗಾಜಿಗೆ ಅಂಟಿಕೊಂಡು ಸಿಕ್ಕಿತು.

ಬತ್ತಿ ಹೊಸೆದ ಹಾಗೆ

ಸುಂಟರಗಾಳಿಗೆ ಬೇಕಾದ್ದು ಬರೀ ಬಿಸಿ ಅಲ್ಲ. ಮುಖ್ಯವಾಗಿ ಎರಡು ವ್ಯತ್ಯಾಸಗಳು ಬೇಕು.

ಒಂದು, ಕೆಳಗಿನ ಗಾಳಿಗೂ ಮೇಲಿನ ಗಾಳಿಗೂ ಉಷ್ಣಾಂಶದ ವ್ಯತ್ಯಾಸ. ನೆಲದ ಹತ್ತಿರ ತೇವ ತುಂಬಿದ ಗಾಳಿ ಇದ್ದು, ಐದಾರು ಕಿ.ಮೀ. ಮೇಲೆ ಗಾಳಿ ಕೊರೆಯುವಷ್ಟು ತಣ್ಣಗಿದ್ದರೆ ಕೆಳಗಿನದು ಬೆಂಡಿನ ಹಾಗೆ ಮೇಲಕ್ಕೆ ಚಿಮ್ಮುತ್ತೆ. ಕೆಳಗೆ 35 ಡಿಗ್ರಿ ಇರಲೇಬೇಕು ಅಂತಿಲ್ಲ. ಮೇಲೆ ತುಂಬಾ ತಣ್ಣಗಿದ್ದರೆ ಕೆಳಗೆ 13 ಡಿಗ್ರಿ ಇದ್ದರೂ ಸಾಕಾಗಬಹುದು.

ಎರಡನೆಯದು ಗಾಳಿಯ ವೇಗ ಮತ್ತು ದಿಕ್ಕಿನ ವ್ಯತ್ಯಾಸ. ಮನೇಲಿ ಅಜ್ಜಿ ಬತ್ತಿ ಹೊಸೆಯೋದು ನೋಡಿದ್ದೀರಲ್ಲ? ಕೆಳಗಿನ ಅಂಗೈ ಸುಮ್ಮನೆ ಇರುತ್ತೆ, ಮೇಲಿನ ಅಂಗೈ ಓಡುತ್ತೆ, ನಡುವಿನ ಹತ್ತಿ ಉರುಳಿ ಉರುಳಿ ಬತ್ತಿ ಆಗುತ್ತೆ. ಆಕಾಶದಲ್ಲೂ ಹಾಗೆಯೇ. ನೆಲದ ಹತ್ತಿರ ಗಾಳಿ ನಿಧಾನ, ಮೇಲೆ ಹೋದಂತೆ ಜೋರು, ದಿಕ್ಕೂ ಬೇರೆ. ನಡುವಿನ ಗಾಳಿ ಮಲಗಿದ ಬತ್ತಿಯ ಹಾಗೆ ಉರುಳೋಕೆ ಶುರು ಮಾಡುತ್ತೆ. ಆಗ ಗುಡುಗು ಮೋಡದ ಮೇಲ್ಮುಖ ಗಾಳಿ ಆ ಬತ್ತಿಯನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ್ರೆ ಮೋಡವೇ ತಿರುಗೋಕೆ ಶುರುವಾಗುತ್ತೆ. ಎಲ್ಲ ತಿರುಗುವ ಮೋಡವೂ ಸುಂಟರಗಾಳಿ ಕೊಡಲ್ಲ. ಕೊಟ್ಟರೆ ಮಾತ್ರ ಕಥೆ ಮುಗೀತು.

ಈ ಎರಡನೇ ವಿಷಯದಲ್ಲೇ ಚಳಿಗಾಲದ ಗುಟ್ಟಿರೋದು. ಆಕಾಶದಲ್ಲಿ ಎತ್ತರದಲ್ಲಿ ಹರಿಯೋ ಗಾಳಿ ಹೊಳೆಗೆ ಜೆಟ್ ಸ್ಟ್ರೀಮ್ ಅಂತಾರೆ. ಉತ್ತರದಲ್ಲಿ ಹಿಮ, ದಕ್ಷಿಣದಲ್ಲಿ ಬೆಚ್ಚನೆ ಸಮುದ್ರ ಇರೋ ಚಳಿಗಾಲದಲ್ಲೇ ಅದರ ಓಟ ಅತಿ ಜೋರು, ಗಂಟೆಗೆ 200 ಕಿ.ಮೀ. ದಾಟೋದು ಮಾಮೂಲು. ಅಂದ್ರೆ ಬತ್ತಿ ಹೊಸೆಯೋ ಕೈ ಚಳಿಗಾಲದಲ್ಲಿ ಯಾವಾಗಲೂ ರೆಡಿ. ಕೊರತೆ ಇರೋದು ನೆಲದ ಹತ್ತಿರದ ತೇವಕ್ಕೆ ಮಾತ್ರ. ಹೆಚ್ಚಿನ ದಿನ ಅದು ಸಿಗಲ್ಲ, ಹಾಗಾಗಿ ಏನೂ ಆಗಲ್ಲ. ಯಾವತ್ತೋ ಒಂದು ದಿನ ದಕ್ಷಿಣದ ಗಾಳಿ ಅದನ್ನು ಹೊತ್ತು ತಂದ್ರೆ, ಬೇಸಿಗೆಯ ಕಾಲು ಭಾಗ ಶಕ್ತಿ ಇದ್ದರೂ ಕೆಲಸ ಕೆಡುತ್ತೆ. ಮೇಫೀಲ್ಡ್ ದಿನ ತೇವಕ್ಕೂ ಕೊರತೆ ಇರಲಿಲ್ಲ, ಜೆಟ್‌ಗೂ ಇರಲಿಲ್ಲ.

ಇದನ್ನು ಫೋನಿನಲ್ಲೇ ನೋಡಬಹುದು. ವಿಂಡಿ ಆ್ಯಪ್ ಇದ್ದರೆ ಗಾಳಿಯ ನಕ್ಷೆ ತೆಗೆದು ಎತ್ತರದ ಪಟ್ಟಿಯನ್ನು ಸರಿಸಿ. ಮೊದಲು ನೆಲಮಟ್ಟ, ಆಮೇಲೆ 850 ಅಂದ್ರೆ ಸುಮಾರು ಒಂದೂವರೆ ಕಿ.ಮೀ. ಎತ್ತರ, ಆಮೇಲೆ 500 ಅಂದ್ರೆ ಐದೂವರೆ ಕಿ.ಮೀ. ಮೂರು ಕಡೆ ಗಾಳಿ ಎಷ್ಟು ಬೇರೆ ಬೇರೆ ಅನ್ನೋದು ಕಣ್ಣಿಗೇ ಕಾಣುತ್ತೆ. ಜನವರಿಯಲ್ಲಿ ಒಮ್ಮೆ ಅಮೆರಿಕದ ಮೇಲೆ, ಒಮ್ಮೆ ನಮ್ಮ ಜಿಲ್ಲೆಯ ಮೇಲೆ ಹೀಗೆ ನೋಡಿ. ಯಾವ ಪಾಠಕ್ಕಿಂತ ಚೆನ್ನಾಗಿ ತಿಳಿಯುತ್ತೆ.

ಹಿಮ ಕರಗುವ ಮೊದಲೇ

ಮೇಫೀಲ್ಡ್ ಆಗಿ ಐದೇ ದಿನಕ್ಕೆ, ಡಿಸೆಂಬರ್ 15ರಂದು, ಆ ಒಂದಡಿ ಹಿಮ ಬಿದ್ದಿದ್ದ ಮಿನ್ನೆಸೋಟಾದಲ್ಲೇ ಸುಂಟರಗಾಳಿ ಎದ್ದಿತು. ಆ ರಾಜ್ಯದ ದಾಖಲೆಯಲ್ಲಿ ಡಿಸೆಂಬರ್ ತಿಂಗಳ ಮೊದಲ ಸುಂಟರಗಾಳಿ ಅದು. 2024ರ ಫೆಬ್ರವರಿ 8ರಂದು ಪಕ್ಕದ ವಿಸ್ಕಾನ್ಸಿನ್ ಸರದಿ. ಹಾಲಿಗೆ, ಚೀಸಿಗೆ ಹೆಸರಾದ ರಾಜ್ಯ ಅದು. ಅಲ್ಲೂ ಫೆಬ್ರವರಿಯಲ್ಲಿ ಹಿಂದೆಂದೂ ಸುಂಟರಗಾಳಿ ದಾಖಲಾಗಿರಲಿಲ್ಲ. ಇವಾನ್ಸ್‌ವಿಲ್ ಸುತ್ತ ಮನೆ, ದನದ ಕೊಟ್ಟಿಗೆಗಳು ನೆಲಸಮವಾದವು. ಆ ದಿನ ಅಲ್ಲಿ ಧಗೆ ಏನೂ ಇರಲಿಲ್ಲ. ನಮ್ಮ ಚಿಕ್ಕಮಗಳೂರಿನ ಡಿಸೆಂಬರ್ ಮುಂಜಾವಿನಷ್ಟು ತಂಪು.

ಇಂಥ ತಂಪು ದಿನದ ಮೋಡಗಳಿಗೆ ಇನ್ನೊಂದು ಕೆಟ್ಟ ಗುಣ ಇದೆ. ಅವು ಗಿಡ್ಡ. ಬೇಸಿಗೆ ಗುಡುಗು ಮೋಡ 15 ಕಿ.ಮೀ. ಎತ್ತರ ಬೆಳೆದ್ರೆ ಇವು ಅದರ ಅರ್ಧಕ್ಕೇ ನಿಲ್ಲಬಹುದು. ಮಿಂಚು ಗುಡುಗು ಕಮ್ಮಿ. ರೇಡಾರ್ ಕಿರಣ ದೂರ ಹೋದಂತೆ ನೆಲದಿಂದ ಎತ್ತರವಾಗುತ್ತೆ, ಹಾಗಾಗಿ ಗಿಡ್ಡ ಮೋಡದ ತಲೆ ಮೇಲೇ ಹಾದುಬಿಡುತ್ತೆ. ನೋಡೋಕೆ ಸಾದಾ ಮಳೆ ಮೋಡ, ಕೆಳಗೆ ಸುಂಟರಗಾಳಿ.

ಚಳಿಗಾಲದ ಮಾರುತ ಓಡೋ ವೇಗವೂ ಜಾಸ್ತಿ. ಮೇಫೀಲ್ಡ್ ದಾಟಿದ್ದು ಗಂಟೆಗೆ ಸುಮಾರು 90 ಕಿ.ಮೀ. ವೇಗದಲ್ಲಿ ಬಂತು, ಹೈವೇ ಬಸ್ಸಿನ ವೇಗ. ರಾತ್ರಿ ಉದ್ದ, ಬೇಗ ಕತ್ತಲು, ಜನ ಕಿಟಕಿ ಮುಚ್ಚಿ ಮಲಗಿರ್ತಾರೆ. ರಾತ್ರಿ ಬರೋ ಸುಂಟರಗಾಳಿ ಹಗಲಿನದಕ್ಕಿಂತ ಹೆಚ್ಚು ಜೀವ ತೆಗೆಯುತ್ತೆ ಅನ್ನೋದು ಅಮೆರಿಕದ ಹಳೇ ಅನುಭವ. ಅವತ್ತು ಹವಾಮಾನ ಇಲಾಖೆ ಹಿಂದಿನ ದಿನವೇ ಎಚ್ಚರಿಸಿತ್ತು, ಮೇಫೀಲ್ಡ್‌ಗೆ ಅತಿ ಗಂಭೀರ ಮಟ್ಟದ ಎಚ್ಚರಿಕೆಯೂ ಗಾಳಿ ಬರೋ ಮೊದಲೇ ಹೋಗಿತ್ತು. ಆದರೂ ಪಟ್ಟಣದ ಮೇಣದಬತ್ತಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿಗೆ ನೂರಕ್ಕೂ ಹೆಚ್ಚು ಜನ ಇದ್ದರು. ಕಟ್ಟಡ ಕುಸಿದು 9 ಜನ ಸತ್ತರು. ಮುನ್ಸೂಚನೆ ಕೊಡೋದು ಒಂದು ಕೆಲಸ, ಕೇಳಿದವನು ‘ಡಿಸೆಂಬರಲ್ಲಿ ಎಂಥ ಸುಂಟರಗಾಳಿ’ ಅನ್ನದೆ ಎದ್ದು ಹೋಗೋದು ಇನ್ನೊಂದು ಕೆಲಸ. ನನಗೆ ಎರಡನೆಯದೇ ಕಷ್ಟದ್ದು ಅನಿಸುತ್ತೆ.

ಗಾಳಿ ಹೋದ ಮೇಲೆ ಹೊಲದಲ್ಲಿ ಉಳಿದಿದ್ದು

ಪ್ರಿನ್ಸ್‌ಟನ್ ಊರಿನಲ್ಲಿ ಕೆಂಟಕಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರ ಇದೆ. ಆ ಭಾಗದ ಧಾನ್ಯ ಬೆಳೆಗಾರರಿಗೆ ನಮ್ಮ ಕೃಷಿ ವಿವಿ ಇದ್ದ ಹಾಗೆ. ಅದೇ ಸುಂಟರಗಾಳಿ ಅದರ ಕಟ್ಟಡಗಳನ್ನು ಪುಡಿ ಮಾಡಿತು. ಸುತ್ತಲಿನ ಧಾನ್ಯದ ಸೈಲೋಗಳು ತಗಡಿನ ಡಬ್ಬಿಯ ಹಾಗೆ ನುಜ್ಜಾದವು, ಕೋಳಿ ಶೆಡ್‌ಗಳು ಮಲಗಿದವು. ಕರೆಂಟ್ ಹೋಯ್ತು, ಬೆನ್ನಿಗೇ ಚಳಿ ವಾಪಸ್ ಬಂತು. ಬೆಚ್ಚಗಿನ ಬ್ರೂಡರ್ ಇಲ್ಲದೆ ಮರಿಕೋಳಿ ಎಷ್ಟು ಹೊತ್ತು ಬದುಕುತ್ತೆ ಅನ್ನೋದು ಕೋಳಿ ಸಾಕಿದವರಿಗೆ ಗೊತ್ತು.

ಹೊರಗಿನವರಿಗೆ ತಕ್ಷಣ ಕಾಣದ ನಷ್ಟ ಬೇರೆ ಇತ್ತು. ಯಾರದೋ ಮನೆಯ ತಗಡು, ಮೊಳೆ, ತಂತಿ, ಗಾಜು, ಗೋಡೆಯೊಳಗೆ ತುಂಬುವ ಫೈಬರ್ ಗ್ಲಾಸ್ ಉಣ್ಣೆ, ಎಲ್ಲ ಬಂದು ಗೋಧಿ ಹೊಲಕ್ಕೂ ಹುಲ್ಲುಗಾವಲಿಗೂ ಬಿದ್ದವು. ಹಸು ಮೇಯುವಾಗ ಮೊಳೆ, ತಂತಿ ತುಂಡನ್ನು ಬೇರ್ಪಡಿಸಲ್ಲ, ಹುಲ್ಲಿನ ಜೊತೆ ನುಂಗುತ್ತೆ. ಅದು ಹೊಟ್ಟೆಯ ಎರಡನೇ ಕೋಣೆಯಲ್ಲಿ ಕೂತು ಗೋಡೆ ಚುಚ್ಚಿ ಹೃದಯದವರೆಗೂ ಹೋಗಬಹುದು. ಮೇವು ಬಿಡೋದು, ಬೆನ್ನು ಕಮಾನು ಮಾಡಿ ನಿಲ್ಲೋದು, ಹಾಲು ದಿಢೀರ್ ಇಳಿಯೋದು ಇದರ ಲಕ್ಷಣ. ಹಾಗಾಗಿ ಹೊಲವನ್ನು ಕಾಲ್ನಡಿಗೆಯಲ್ಲಿ ಆರಿಸಿ ಮುಗಿಸೋವರೆಗೆ ದನ ಬಿಡಬಾರದು, ಬೇಲಿಗೆ ಸಿಕ್ಕಿದ ತಗಡಿನ ಚೂರನ್ನೂ ಬಿಡಬಾರದು. ಹುಲ್ಲು ಕತ್ತರಿಸಿ ಮೇವಿನ ಕಟ್ಟು ಕಟ್ಟೋ ಮೊದಲಂತೂ ಆರಿಸಲೇಬೇಕು, ಇಲ್ಲದಿದ್ರೆ ಮೊಳೆ ಮುಂದಿನ ವರ್ಷದ ಮೇವಲ್ಲಿ ಹೊರಬರುತ್ತೆ. ನಮ್ಮಲ್ಲಿ ಏಪ್ರಿಲ್ ಮಳೆಗೆ ಶೀಟ್ ಹಾರಿ ಮೊಳೆ ಚೆಲ್ಲಿದಾಗಲೂ ಇದೇ ಮಾತು. ಒಂದು ಹಳೇ ಸ್ಪೀಕರ್ ಅಯಸ್ಕಾಂತವನ್ನು ಕೋಲಿಗೆ ಕಟ್ಟಿ ಎಳೆದ್ರೆ ಕೆಲಸ ಅರ್ಧ ಹಗುರ.

ನಮ್ಮ ಕಡೆ ಬರುತ್ತಾ?

ಡಿಸೆಂಬರ್, ಜನವರಿಯಲ್ಲಿ ಕರ್ನಾಟಕದಲ್ಲಿ ಮೇಫೀಲ್ಡ್ ಥರದ್ದು ಆಗೋ ಸನ್ನಿವೇಶವೇ ಇಲ್ಲ. ಆಗ ಜೆಟ್ ಸ್ಟ್ರೀಮ್ ಇರೋದು ಉತ್ತರ ಭಾರತದ ಮೇಲೆ. ನಮ್ಮ ತಲೆ ಮೇಲಿನ ಗಾಳಿ ಅಷ್ಟು ಜೋರಿಲ್ಲ, ಹಿಮದಿಂದ ಬರೋ ಗಾಳಿ ಸಮುದ್ರದ ಗಾಳಿಗೆ ಢಿಕ್ಕಿ ಹೊಡೆಯೋ ಜಾಗವೂ ಇಲ್ಲಿಲ್ಲ. ಮಾರ್ಚಿನಲ್ಲಿ ಉತ್ತ ಹೊಲದಲ್ಲಿ ದೂಳು, ಒಣ ಎಲೆ ಎತ್ತಿಕೊಂಡು ಸುತ್ತುವ ಸುಳಿಗಾಳಿ, ಕೆಲವು ಕಡೆ ದೆವ್ವಗಾಳಿ ಅಂತಾರಲ್ಲ, ಅದು ಕಾದ ನೆಲದಿಂದ ಏಳೋದು, ಮೋಡದಿಂದ ಇಳಿಯೋದಲ್ಲ.

ಉತ್ತರದಲ್ಲಿ ಮಾತು ಬೇರೆ. 2023ರ ಮಾರ್ಚ್ 24ರಂದು ಪಂಜಾಬಿನ ಫಾಜಿಲ್ಕಾ ಜಿಲ್ಲೆಯ ಬಕೈನ್‌ವಾಲಾ ಹಳ್ಳಿಗೆ ಸುಂಟರಗಾಳಿ ಹೊಡೆದು ಮನೆಗಳು ಬಿದ್ದವು, ಕಿನ್ನೋ ಕಿತ್ತಳೆ ತೋಟಗಳು ಹಾಳಾದವು. ಚಳಿಗಾಲದಲ್ಲಿ ಅಲ್ಲಿಗೆ ಮಳೆ ತರೋ ಪಶ್ಚಿಮದ ವಾಯುಭಾರ ಕುಸಿತಗಳೇ ಅದಕ್ಕೂ ಕಾರಣ.

ನಮಗೆ ಏಪ್ರಿಲ್, ಮೇನಲ್ಲಿ ಬಾಳೆ ಮಲಗಿಸೋದು, ಪಾಲಿಹೌಸ್ ಹರಿಯೋದು ಹೆಚ್ಚಾಗಿ ಗುಡುಗು ಮೋಡದಿಂದ ಧೊಪ್ಪನೆ ಕೆಳಗೆ ಬಿದ್ದು ಹರಡೋ ಗಾಳಿ. ಬಿದ್ದ ಮರ ನೋಡಿ ಗುರುತಿಸಬಹುದು. ಎಲ್ಲ ಒಂದೇ ದಿಕ್ಕಿಗೆ ಅಥವಾ ಬೀಸಣಿಗೆಯ ಹಾಗೆ ಹರಡಿ ಬಿದ್ದಿದ್ರೆ ಕೆಳಗೆ ಬಿದ್ದ ಗಾಳಿ. ಕಿರಿದಾದ ಪಟ್ಟೆಯಲ್ಲಿ ಎರಡೂ ಕಡೆಯಿಂದ ನಡುವಿಗೆ ತಿರುಚಿ ಬಿದ್ದಿದ್ರೆ ಸುಂಟರಗಾಳಿ ಅನ್ನೋ ಅನುಮಾನ ಪಡಬೇಕು. ಯಾವುದೇ ಆಗಲಿ, ಗಾಳಿ ಎದ್ದಾಗ ಶೀಟ್ ಶೆಡ್ಡೊಳಗೆ ಓಡಬೇಡಿ, ಆರ್‌ಸಿಸಿ ಮನೆಯ ಒಳಕೋಣೆ ಸೇರಿ.

ಫೋನಿನಲ್ಲಿ ಇವತ್ತೇ ಮಾಡಬಹುದಾದ ಕೆಲಸ ಇಷ್ಟು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಸಚೇತ್’ ಮತ್ತು ಸಿಡಿಲಿಗೆ ‘ದಾಮಿನಿ’ ಆ್ಯಪ್ ಹಾಕಿಕೊಂಡು ಲೊಕೇಶನ್ ಆನ್ ಮಾಡಿ. ಸೆಟ್ಟಿಂಗ್ಸ್‌ನಲ್ಲಿ ‘ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್’ ಹುಡುಕಿ, ಆಫ್ ಇದ್ದರೆ ಆನ್ ಮಾಡಿ. 2023ರಲ್ಲಿ ಸರ್ಕಾರ ಪರೀಕ್ಷೆಗೆ ಅಂತ ಎಲ್ಲರ ಫೋನನ್ನೂ ಒಟ್ಟಿಗೆ ಕಿರುಚಿಸಿದಾಗ ಸಿಟ್ಟಿಗೆ ಆಫ್ ಮಾಡಿದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ರಾತ್ರಿ ಫೋನ್ ಸೈಲೆಂಟ್ ಇಟ್ಟು ಚಾರ್ಜಿಗೆ ಹಾಕಿ ಬೇರೆ ರೂಮಲ್ಲಿ ಮಲಗೋ ಅಭ್ಯಾಸ ಇದ್ದರೆ, ಮಳೆಗಾಲದ ಮುಂಚಿನ ಆ ಎರಡು ತಿಂಗಳಾದ್ರೂ ತಲೆದಿಂಬಿನ ಪಕ್ಕ ಇರಲಿ.