ಕಿತ್ತಳೆ ಕೇಬಲ್ಲಿನ ಕಾವು

ಬ್ರಿಟನ್ನಿನ ಕ್ಯಾಂಪಿಂಗ್ ತಾಣಗಳಲ್ಲಿ ಕ್ಯಾರವಾನ್ ನಿಲ್ಲಿಸುವ ಜಾಗದ ಪಕ್ಕದಲ್ಲೇ ಒಂದು ಗಿಡ್ಡ ಕಂಬ ಇರುತ್ತದೆ. ಮುಚ್ಚಳ ಎತ್ತಿದರೆ ಒಳಗೆ ನೀಲಿ ಬಣ್ಣದ ದುಂಡನೆಯ ಸಾಕೆಟ್. ಅಲ್ಲಿಂದ ಹುಲ್ಲಿನ ಮೇಲೆ ಹಾದು ಬಂದ ಕಿತ್ತಳೆ ಬಣ್ಣದ ಕೇಬಲ್ಲು ಗಾಡಿಗೆ ಸೇರಿತೆಂದರೆ ದೀಪ, ಫ್ರಿಜ್, ಹೀಟರ್ ಎಲ್ಲಕ್ಕೂ ಕರೆಂಟು. ಇದೇ ‘ಹುಕ್-ಅಪ್ ಕೇಬಲ್’. ಅಂಗಡಿಯಲ್ಲಿ ಸಾಲಾಗಿ ತೂಗುಹಾಕಿದ ಇಂಥ ಕೇಬಲ್ಲುಗಳು ಹೊರನೋಟಕ್ಕೆ ಅವಳಿ ಜವಳಿ. ಬೆಲೆ ಮಾತ್ರ ಬೇರೆ ಬೇರೆ. ಅಗ್ಗದ್ದೇ ಸಾಕಲ್ಲವೇ ಎಂದು ಕೈ ಚಾಚುವ ಮೊದಲು ಒಳಗಿನ ತಾಮ್ರದ ಲೆಕ್ಕವನ್ನು ಸ್ವಲ್ಪ ನೋಡಬೇಕು.

ಕ್ಯಾಂಪಿಂಗ್ ತಾಣದ ಸಾಕೆಟ್ ಸಾಮಾನ್ಯವಾಗಿ 230 ವೋಲ್ಟ್, 16 ಆಂಪಿಯರ್‌ನದು. ಕೆಲವೆಡೆ 10 ಅಥವಾ 6 ಆಂಪಿಯರ್ ಮಾತ್ರ. ಅಲ್ಲಿನ ನಿಯಮದ ಪ್ರಕಾರ 16 ಆಂಪಿಯರ್ ಸಂಪರ್ಕಕ್ಕೆ ಬಳಸುವ ಕೇಬಲ್ಲಿನ ಒಂದೊಂದು ತಂತಿಯೂ 2.5 ಚದರ ಮಿಲಿಮೀಟರ್ ದಪ್ಪ ಇರಬೇಕು, ಉದ್ದ ಸುಮಾರು 25 ಮೀಟರ್. ಕರೆಂಟು ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳುವುದರಿಂದ ಅದು ದಾಟುವ ತಾಮ್ರದ ಹಾದಿ 50 ಮೀಟರ್. ಅಷ್ಟು ತಾಮ್ರದ ರೋಧ ಸುಮಾರು 0.4 ಓಮ್. ಕೇಳಲು ಏನೂ ಅಲ್ಲ. ಆದರೆ 16 ಆಂಪಿಯರ್ ಹರಿದಾಗ 6 ವೋಲ್ಟಿಗೂ ಹೆಚ್ಚು ದಾರಿಯಲ್ಲೇ ಖರ್ಚಾಗುತ್ತದೆ. ಸುಮಾರು 100 ವಾಟ್ ಶಾಖವಾಗಿ ಕೇಬಲ್ಲಿನಲ್ಲೇ ಉಳಿಯುತ್ತದೆ. ತಂತಿ 1.5 ಚದರ ಮಿಲಿಮೀಟರ್‌ನದಾದರೆ ಇದೇ ಶಾಖ 170 ವಾಟ್. ಬೆಲೆ ಇಳಿದಷ್ಟೂ ಬಿಸಿ ಏರುವುದು ಹೀಗೆ.

ಶಾಖವು ಕರೆಂಟಿನ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆ. ಕರೆಂಟು ಅರ್ಧಕ್ಕಿಳಿದರೆ ಶಾಖ ಕಾಲು ಭಾಗಕ್ಕಿಳಿಯುತ್ತದೆ. ದೀಪ ಹಾಗೂ ಮೊಬೈಲ್ ಚಾರ್ಜರ್ ಮಾತ್ರ ಹಾಕಿಕೊಂಡವರ ಕೇಬಲ್ಲು ಬೆಚ್ಚಗೂ ಆಗದಿರುವುದಕ್ಕೆ ಇದೇ ಕಾರಣ. ಚಳಿಯ ರಾತ್ರಿ 2 ಕಿಲೋವಾಟ್ ಹೀಟರ್ ಹಚ್ಚಿದರೆ ಅದೊಂದೇ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಜೊತೆಗೆ ಮನೆಯಿಂದ ತಂದ 3 ಕಿಲೋವಾಟಿನ ಕೆಟಲ್ ಇಟ್ಟರೆ ಇನ್ನೂ 13 ಆಂಪಿಯರ್. ಕಂಬದೊಳಗಿನ ಬ್ರೇಕರ್ ಕೆಳಗೆ ಬಿತ್ತೆಂದೇ ಲೆಕ್ಕ. ಕ್ಯಾರವಾನ್ ಮಂದಿ ಸುಮಾರು 1 ಕಿಲೋವಾಟಿನ ಕೆಟಲ್ ಇಟ್ಟುಕೊಳ್ಳುವುದು ಇದಕ್ಕೇ. ನೀರು ಕುದಿಯುವುದು ತಡ, ಆದರೆ ದೀಪ ಆರುವುದಿಲ್ಲ.

25 ಮೀಟರಿನ ಕೇಬಲ್ಲಿಗೆ 100 ವಾಟ್ ದೊಡ್ಡ ಕಾಟವೇನೂ ಅಲ್ಲ. ಉದ್ದಕ್ಕೂ ಹರವಿದಾಗ ಮೀಟರಿಗೆ 4 ವಾಟ್. ಗಾಳಿ, ಹುಲ್ಲು ಅದನ್ನು ಸುಲಭವಾಗಿ ಹೀರಿಕೊಳ್ಳುತ್ತವೆ. ತೊಂದರೆ ಶುರುವಾಗುವುದು ಕಂಬ 5 ಮೀಟರ್ ದೂರದಲ್ಲೇ ಇದ್ದಾಗ. ಉಳಿದ 20 ಮೀಟರನ್ನು ಅಚ್ಚುಕಟ್ಟಾಗಿ ಸುತ್ತಿ ಗಾಡಿಯ ಕೆಳಗೆ ತಳ್ಳಿಬಿಡುತ್ತಾರೆ. ಒದ್ದೆ ಸೀರೆಯನ್ನು ಹರವಿದರೆ ಗಳಿಗೆಯಲ್ಲಿ ಒಣಗುತ್ತದೆ, ಮುದ್ದೆ ಮಾಡಿಟ್ಟರೆ ದಿನವಿಡೀ ಹಸಿ. ಸುರುಳಿಯೊಳಗಿನ ಶಾಖದ ಪಾಡೂ ಹಾಗೆಯೇ. ನಡುವಿನ ಸುತ್ತುಗಳಿಗೆ ಗಾಳಿ ತಾಗುವುದೇ ಇಲ್ಲ. ಬಿಸಿಯಾದಂತೆ ತಾಮ್ರದ ರೋಧವೂ ಏರುತ್ತದೆ, ಡಿಗ್ರಿಗೆ ಶೇಕಡಾ 0.4ರಷ್ಟು, ಅಷ್ಟೇ ಕರೆಂಟಿಗೆ ಇನ್ನಷ್ಟು ಶಾಖ. ಸಾಮಾನ್ಯ ಪಿವಿಸಿ ಹೊದಿಕೆಯ ತಂತಿ ತಾಳಬಲ್ಲ ಉಷ್ಣತೆ 70 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ಹೊದಿಕೆ ಮೆತ್ತಗಾಗಿ, ಸುತ್ತುಗಳು ಒಂದಕ್ಕೊಂದು ಅಂಟಿ, ಕೊನೆಗೆ ತಂತಿಗಳೇ ಮುಟ್ಟಿಕೊಳ್ಳಬಹುದು. ಬ್ರೇಕರ್‌ಗೆ ಇದು ಗೊತ್ತಾಗುವುದಿಲ್ಲ. ಅದು ಎಣಿಸುವುದು ಕರೆಂಟನ್ನು, ಸುರುಳಿಯ ಉಷ್ಣತೆಯನ್ನಲ್ಲ.

ಸುರುಳಿ ಬಿಸಿಯಾಗುವುದು ಅಯಸ್ಕಾಂತ ಪರಿಣಾಮದಿಂದ ಎನ್ನುವವರಿದ್ದಾರೆ. ಅದು ಸರಿಯಲ್ಲ. ಒಂದೇ ಕೇಬಲ್ಲಿನೊಳಗೆ ಹೋಗುವ ಕರೆಂಟು, ಬರುವ ಕರೆಂಟು ಎರಡೂ ಸಮ, ದಿಕ್ಕು ಮಾತ್ರ ವಿರುದ್ಧ. ಅವುಗಳ ಕಾಂತಕ್ಷೇತ್ರಗಳು ಪರಸ್ಪರ ರದ್ದಾಗುತ್ತವೆ. ತಪ್ಪೆಲ್ಲ ಸಿಕ್ಕಿಬಿದ್ದ ಶಾಖದ್ದೇ.

ಕೊಳ್ಳುವಾಗ ಕೇಬಲ್ಲಿನ ಮೈಮೇಲಿನ ಸಣ್ಣ ಅಕ್ಷರಗಳನ್ನು ಓದಿ. ‘ಎಚ್07ಆರ್‌ಎನ್-ಎಫ್ 3ಜಿ2.5’ ಎಂದಿದ್ದರೆ ಅದು ರಬ್ಬರ್ ನಿರೋಧಕ, ನಿಯೋಪ್ರೀನ್ ಹೊದಿಕೆಯ, ಬಾಗುವ ಕೇಬಲ್. ಭೂಸಂಪರ್ಕವೂ ಸೇರಿ ಮೂರು ತಂತಿ, ತಲಾ 2.5 ಚದರ ಮಿಲಿಮೀಟರ್. ಸಾಮಾನ್ಯವಾಗಿ ಕಪ್ಪು ಬಣ್ಣದ ಈ ಕೇಬಲ್ಲು ಭಾರ, ದುಬಾರಿ; ಆದರೆ ಕೊರೆಯುವ ಚಳಿಯಲ್ಲೂ ಸೆಟೆಯುವುದಿಲ್ಲ, ಎಣ್ಣೆಗೂ ಉಜ್ಜಾಟಕ್ಕೂ ಜಗ್ಗುವುದಿಲ್ಲ. ಕಿತ್ತಳೆಯ ಪಿವಿಸಿ ಹಗುರ, ಹುಲ್ಲಿನ ನಡುವೆ ಎದ್ದು ಕಾಣುತ್ತದೆ. ಬೇಸಗೆಯ ಪ್ರವಾಸಕ್ಕೆ ಅದೇ ಸಾಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿ ಮಾತ್ರ ಬೇಡ. ಅಲ್ಯೂಮಿನಿಯಂನ ರೋಧ ತಾಮ್ರದ ಒಂದೂವರೆ ಪಟ್ಟಿಗಿಂತ ಹೆಚ್ಚು.

ತುದಿಗಳಲ್ಲೂ ಜಾಣ್ಮೆಯಿದೆ. ನೀಲಿ ಎಂದರೆ 200ರಿಂದ 250 ವೋಲ್ಟ್. ಕಟ್ಟಡ ಕಾಮಗಾರಿಯ 110 ವೋಲ್ಟಿಗೆ ಹಳದಿ, 400 ವೋಲ್ಟಿಗೆ ಕೆಂಪು. ವೋಲ್ಟೇಜಿಗೆ ತಕ್ಕಂತೆ ಭೂಸಂಪರ್ಕದ ಪಿನ್ನಿನ ಸ್ಥಾನವೂ ಬದಲಾಗುವುದರಿಂದ ಹಳದಿ ಪ್ಲಗ್ ನೀಲಿ ಸಾಕೆಟ್ಟಿನೊಳಗೆ ಹೋಗುವುದೇ ಇಲ್ಲ. ಕೇಬಲ್ಲಿನಲ್ಲಿ ಪಿನ್ನುಗಳಿರುವ ತುದಿ ಕಂಬಕ್ಕೆ, ತೂತುಗಳಿರುವ ತುದಿ ಗಾಡಿಗೆ. ಹಾಗಾಗಿ ಯಾವ ತುದಿ ಕಳಚಿ ಬಿದ್ದರೂ ಕರೆಂಟಿರುವ ಪಿನ್ನು ಬಯಲಿಗೆ ಬರುವುದಿಲ್ಲ. ಎರಡೂ ತುದಿಗೆ ಪಿನ್ನಿರುವ ಕೇಬಲ್ಲನ್ನು ಯಾರಾದರೂ ಕಟ್ಟಿಕೊಟ್ಟರೆ ಮುಟ್ಟಲೇಬೇಡಿ.

ಜೋಡಿಸುವಾಗ ಮೊದಲು ಗಾಡಿಗೆ, ಆಮೇಲೆ ಕಂಬಕ್ಕೆ. ಬಿಚ್ಚುವಾಗ ಮೊದಲು ಕಂಬದಿಂದ. ಗಾಡಿಯ ಸಾಕೆಟ್ಟಿನ ಬಳಿ ಕೇಬಲ್ಲು ಸ್ವಲ್ಪ ಕೆಳಗೆ ಜೋತುಬಿದ್ದಿರಲಿ, ಮಳೆನೀರು ಅಲ್ಲಿಂದ ತೊಟ್ಟಿಕ್ಕಿ ಹೋಗುತ್ತದೆ. ಗಾಡಿಯೊಳಗಿನ 30 ಮಿಲಿಆಂಪಿಯರ್ ಸುರಕ್ಷತಾ ಸ್ವಿಚ್ಚಿನ ಪರೀಕ್ಷೆ ಗುಂಡಿಯನ್ನು ಒತ್ತಿ ನೋಡಿ. ಅದು ಟಪ್ಪನೆ ಬೀಳಬೇಕು.

ಈ ಲೆಕ್ಕ ಕ್ಯಾರವಾನಿಗಷ್ಟೇ ಸೀಮಿತವಲ್ಲ. ನಮ್ಮೂರ ಮದುವೆ ಚಪ್ಪರಕ್ಕೆ ತಂದ ಎಕ್ಸ್‌ಟೆನ್ಶನ್ ಡ್ರಮ್ಮಿಗೂ, ತೋಟದ ಮೋಟಾರಿಗೆ ಎಳೆದ ಉದ್ದನೆಯ ವೈರಿಗೂ ಅದೇ ಭೌತಶಾಸ್ತ್ರ ಅನ್ವಯಿಸುತ್ತದೆ. ದಪ್ಪನೆಯ ಅಪ್ಪಟ ತಾಮ್ರ ಕೊಳ್ಳಿ, ಬಳಸುವ ಮೊದಲು ಸುರುಳಿಯನ್ನು ಪೂರ್ತಿ ಬಿಚ್ಚಿ.