ಹಸಿ, ಹಸುರು ಮತ್ತು ಇಂಗ್ಲಿಷಿನ ‘ಗ್ರೀನ್’

ಇಂಗ್ಲಿಷಿನ ‘ಗ್ರೀನ್’ ಎಂಬ ಗುಣವಾಚಕಕ್ಕೆ ‘ಹಸುರು’ ಎಂಬ ಒಂದೇ ಅರ್ಥವನ್ನು ಬಾಯಿಪಾಠ ಮಾಡಿದ ವಿದ್ಯಾರ್ಥಿಯು ‘ಗ್ರೀನ್ ಜಿಂಜರ್’ ಎಂಬುದನ್ನು ‘ಹಸುರು ಶುಂಠಿ’ ಎಂದು ಭಾಷಾಂತರಿಸಿದರೆ, ನರಸಿಂಹರಾಜಪುರದ ಕಡೆಯ ಬೇಸಾಯಗಾರನಿಗೆ ನಗು ಬಾರದಿರದು. ಶುಂಠಿಯ ಗೆಡ್ಡೆಗೆ ಹಸುರು ಬಣ್ಣವೆಲ್ಲಿಯದು? ಅಗೆದು ತೆಗೆದು ಇನ್ನೂ ಒಣಗಿಸದುದರಿಂದ ಅದು ಹಸಿ ಶುಂಠಿ. ಇಂಗ್ಲಿಷಿನವರ ಮಾತಿಗೂ ಅಭಿಪ್ರಾಯವು ಇದೇ.

ಎರಡು ಭಾಷೆಗಳಲ್ಲಿಯೂ ಬಣ್ಣವು ಮೂಲಾರ್ಥದ ಒಂದು ಕವಲು ಮಾತ್ರ. ‘ಗ್ರೀನ್’ ಶಬ್ದವು ಬೆಳೆಯುವುದೆಂಬರ್ಥದ ‘ಗ್ರೋ’, ಹುಲ್ಲೆಂಬರ್ಥದ ‘ಗ್ರಾಸ್’ ಇವುಗಳ ಬಳಗಕ್ಕೆ ಸೇರಿದುದು. ನಮ್ಮಲ್ಲಿ ಹಳಗನ್ನಡದ ಪಸಿ, ಪಸುರ್, ಪಸುಳೆಗಳು ಪಕಾರವು ಹಕಾರವಾಗಿ ಹಸಿ, ಹಸುರು, ಹಸುಳೆಗಳಾದುವು. ತಮಿಳಿನ ‘ಪಚ್ಚೈ’ ಬಣ್ಣವನ್ನೂ ಹಸಿತನವನ್ನೂ ಒಂದೇ ಮಾತಿನಲ್ಲಿ ಹೇಳುವುದು. ಕನ್ನಡವು ಈ ಎರಡನ್ನು ಬೇರ್ಪಡಿಸಿಕೊಂಡಿತು. ನಮಗೆ ಇದು ಲಾಭವೇ ಸರಿ.

ಈ ಭೇದವು ಕೊಪ್ಪ, ಶೃಂಗೇರಿಗಳ ಅಡಿಕೆಯ ಅಂಗಳದಲ್ಲಿ ಚೆನ್ನಾಗಿ ಕಾಣುವುದು. ಕೊನೆಯಿಂದ ಇಳಿಸಿದ ಕಾಯಿ ಹಸುರಾಗಿದ್ದರೂ ಹಸಿ ಅಡಿಕೆ, ಹಣ್ಣಾಗಿ ಕೆಂಪೇರಿದ್ದರೂ ಹಸಿ ಅಡಿಕೆ. ಎಳೆಯ ಕಾಯನ್ನು ಸುಲಿದು, ಚೊಗರಿನಲ್ಲಿ ಬೇಯಿಸಿ, ಬಿಸಿಲಿನಲ್ಲಿ ಒಣಗಿಸಿದ ಮೇಲೆಯೇ ಆ ವಿಶೇಷಣವು ಕಳಚುವುದು. (ಉತ್ತಮ ದರ್ಜೆಯ ಅಡಿಕೆಗಿರುವ ‘ಹಸ’ ಎಂಬ ಹೆಸರನ್ನು ಇದರೊಡನೆ ಕೂಡಿಸುವ ಚಪಲ ಯಾರಿಗಾದರೂ ಹುಟ್ಟೀತು, ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಗೆ ಸಾಲದು.) ಆದುದರಿಂದ ಹಸಿ ಎಂಬುದು ವಸ್ತುವಿನಲ್ಲಿರುವ ಗುಣಕ್ಕಿಂತ ಹೆಚ್ಚಾಗಿ ಅದಕ್ಕೆ ಇನ್ನೂ ಒದಗದ ಸಂಸ್ಕಾರವನ್ನು ತಿಳಿಸುವ ಮಾತು. ಸೌದೆ ಒಣಗಿಲ್ಲ, ಇಟ್ಟಿಗೆ ಸುಟ್ಟಿಲ್ಲ, ಗಾಯ ಮಾಯ್ದಿಲ್ಲ: ಈ ಮೂರೂ ಹಸಿ. ಇಂಗ್ಲಿಷಿನಲ್ಲಿಯೂ ಈ ಮೂರಕ್ಕೆ ‘ಗ್ರೀನ್’ ಸಲ್ಲುವುದು; ಗಾಯದ ವಿಷಯದಲ್ಲಿ ಮಾತ್ರ ಆ ಪ್ರಯೋಗ ಹಳೆಯದಾಯಿತು.

ಸಾಮ್ಯವು ಇಲ್ಲಿಗೆ ಮುಗಿಯಿತು. ಬೇಯದ ತರಕಾರಿಗೆ ಅವರು ‘ರಾ’ ಎನ್ನುವರು. ನಮ್ಮ ಹಸಿ ಬಾಣಂತಿ, ಹಸಿ ಸುಳ್ಳುಗಳಿಗೆ ‘ಗ್ರೀನ್’ ಒಗ್ಗದು. ಅನುಭವವಿಲ್ಲದವನನ್ನು ಅವರು ‘ಗ್ರೀನ್’ ಎಂದರೆ ನಾವು ‘ಎಳಸು’ ಎನ್ನುವೆವು. ಕಾಫಿಯ ವ್ಯಾಪಾರದ ‘ಗ್ರೀನ್ ಕಾಫಿ’ ಎಂಬ ಮಾತಂತೂ ಭಾಷಾಂತರಕಾರನಿಗೆ ಒಳ್ಳೆಯ ಪರೀಕ್ಷೆ. ಅದು ಒಣಗಿಸಿ ಸಿಪ್ಪೆ ತೆಗೆದ ಬೀಜ. ‘ಹಸಿ ಬೀಜ’ ಎಂದರೆ ಮಲೆನಾಡಿನವನು ತೇವವಾರದುದೆಂದು ತಿಳಿದಾನು. ‘ಹುರಿಯದ ಬೀಜ’ ಎಂದು ಬಿಡಿಸಿ ಹೇಳುವುದೇ ಮೇಲು. ಎದುರುಶಬ್ದವು ಒಣಗಿದುದೋ, ಬೆಂದುದೋ, ಹುರಿದುದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಬಳಿಕ ಪದವನ್ನು ಆರಿಸುವುದನ್ನು ತರಗತಿಯಲ್ಲಿ ಅಭ್ಯಾಸ ಮಾಡಿಸಬೇಕು.

ಬಣ್ಣವೇ ಪ್ರಧಾನವಾದ ಕಡೆ ಈ ಎಚ್ಚರಿಕೆಯೇನೂ ಬೇಕಿಲ್ಲ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರ ‘ಹಸುರು’ ಕವಿತೆಯಲ್ಲಿ ಕಂಪು, ತಂಪು, ಹಕ್ಕಿಯ ದನಿಗಳಿಗೂ ಆ ಬಣ್ಣವೇ ಹತ್ತಿದೆ. ಅದರ ಶೀರ್ಷಿಕೆಯನ್ನು ಇಂಗ್ಲಿಷಿಗೆ ತರುವವನು ‘ಗ್ರೀನ್’ ಎಂದು ನಿಸ್ಸಂಕೋಚವಾಗಿ ಬರೆಯಬಹುದು.