ಮಂದ್ರಸ್ವರಕ್ಕೆ ಎರಡು ಪೆಟ್ಟಿಗೆ

ನಾನು ಧ್ವನಿಶಾಸ್ತ್ರ ಬಲ್ಲವನಲ್ಲ. ವಾಣಿಜ್ಯ ಪದವೀಧರ, ಬ್ಯಾಂಕಿನ ಅಧಿಕಾರಿ. ಆದರೂ ಈ ಸಂಚಿಕೆಯ ಆರೋಗ್ಯ ಲೇಖನಗಳ ನಡುವೆ ಸಬ್‌ವೂಫರನ್ನು ಕುರಿತು ಬರೆಯಹೊರಟಿರುವುದಕ್ಕೆ ನನ್ನ ತೀರ್ಥರೂಪರೂ ಕೆಳಮಹಡಿಯ ಆಜಿಯವರೂ ಕಾರಣರು.

ಪುಣೆಯ ಸದಾಶಿವ ಪೇಠದಲ್ಲಿ, ಹಳೆಯ ವಾಡೆಯೊಂದನ್ನು ಕೆಡವಿ ಎಬ್ಬಿಸಿದ ಕಟ್ಟಡದಲ್ಲಿ ನಮ್ಮ ವಾಸ. ಹಾಡು ಕೇಳುವ ಕೋಣೆ ೧೨ ಅಡಿ ಉದ್ದ, ೮ ಅಡಿ ಅಗಲ. ಗದಗಿನ ಸೀಮೆಯಿಂದ ಬಂದು ಪುಣೆಯಲ್ಲಿ ನೆಲಸಿದ ಪಂಡಿತ ಭೀಮಸೇನ ಜೋಶಿಯವರು ತಮ್ಮ ಗುರುಗಳ ಸ್ಮರಣಾರ್ಥ ೧೯೫೩ರಲ್ಲಿ ಆರಂಭಿಸಿದ ಸವಾಯಿ ಗಂಧರ್ವ ಮಹೋತ್ಸವಕ್ಕೆ ತಂದೆಯವರು ತಪ್ಪದೆ ಹೋಗುತ್ತಿದ್ದರು. ಮೊಣಕಾಲಿನ ನೋವಿನಿಂದ ಅದು ನಿಂತಾಗ, ಮನೆಯಲ್ಲಿಯೇ ಆ ಸುಖ ದೊರಕಲೆಂದು ದೊಡ್ಡದೊಂದು ಸಬ್‌ವೂಫರನ್ನು ತಂದು ಮೂಲೆಯಲ್ಲಿಟ್ಟೆನು.

ಫಲ ವಿಪರೀತವಾಯಿತು. ಕೋಣೆಯ ನಡುವೆ ಆರಾಮಕುರ್ಚಿಯಲ್ಲಿದ್ದ ತಂದೆಯವರು, "ತಮ್ಮಾ, ತಂಬೂರಿ ಖರಜ ಎಲ್ಲಿ ಹೋತೋ?" ಎಂದರು. ಗೋಡೆಗೊರಗಿ ನಿಂತ ನನಗಾದರೋ ಅದೇ ಖರಜ ಗುಡುಗಿನಂತೆ ಕೇಳುತ್ತಿತ್ತು. ಕೆಳಗೆ ಆಜಿಯವರ ಹಲಗೆಯ ಮೇಲಣ ಪಾತ್ರೆಗಳು ನಡುಗಿ, ಅವರ ನಿದ್ರೆಯೂ ಕೆಟ್ಟಿತು.

ಕರಿ ಒಂದಕ್ಕೆ ಶ್ರುತಿಗೂಡಿಸಿದ ಪುರುಷರ ತಂಬೂರಿಯ ಖರಜವು ಸೆಕೆಂಡಿಗೆ ಸುಮಾರು ೬೯ ಕಂಪನಗಳದು. ಅದರ ಅಲೆಯ ಉದ್ದ ಸುಮಾರು ೧೬ ಅಡಿ. ನಮ್ಮ ಕೋಣೆಯ ಅಗಲವು ಅದರ ಅರ್ಧ! ಇಂತಹ ಸ್ವರವು ಎರಡು ಗೋಡೆಗಳ ನಡುವೆ ಹೋಗಿಬಂದು, ಗೋಡೆಯ ಬಳಿ ಉಬ್ಬುತ್ತದೆ, ನಡುವೆ ಅಳಿಯುತ್ತದೆ. ಜಮೆಯೂ ಖರ್ಚೂ ಸಮವಾಗಿ ಬಾಕಿ ಸೊನ್ನೆಯಾದಂತೆ ಎಂದರೆ ನನ್ನ ಸಹೋದ್ಯೋಗಿಗಳಿಗೆ ತಿಳಿದೀತು. ಸದ್ದನ್ನು ಏರಿಸಿದರೆ ಸೊನ್ನೆಯು ಬಹುಮಟ್ಟಿಗೆ ಸೊನ್ನೆಯಾಗಿಯೇ ಉಳಿದು, ಆಜಿಯವರ ಪಾಲು ಮಾತ್ರ ಹೆಚ್ಚುತ್ತದೆ.

ಅಮೆರಿಕದ ಹರ್ಮನ್ ಸಂಸ್ಥೆಯ ಟಾಡ್ ವೆಲ್ಟಿಯವರು ೨೦೦೨ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ಆಯತಾಕಾರದ ಕೋಣೆಯಲ್ಲಿ ನಾಲ್ಕು ಗೋಡೆಗಳ ಮಧ್ಯಬಿಂದುಗಳಲ್ಲಿ ನಾಲ್ಕನ್ನು, ಅಥವಾ ಎದುರುಬದುರು ಗೋಡೆಗಳ ಮಧ್ಯದಲ್ಲಿ ಎರಡನ್ನು ಇರಿಸಿದರೆ, ಮಂದ್ರವು ಎಲ್ಲ ಆಸನಗಳಿಗೂ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ. ನಾಲ್ಕು ನಮ್ಮ ಸಂಬಳಕ್ಕೂ ಕೋಣೆಗೂ ಮೀರಿದ ಮಾತು. ದೊಡ್ಡದನ್ನು ಮಾರಿ, ಒಂದೇ ಮಾದರಿಯ ೮ ಅಂಗುಲದ ಎರಡನ್ನು ಕೊಂಡು, ಕಿರಿಯ ಗೋಡೆಗಳೆರಡರ ಮಧ್ಯದಲ್ಲಿರಿಸಿದೆನು. ಒಂದೆಡೆ ದೇವರ ಕಪಾಟು ಅಡ್ಡವಿದ್ದುದರಿಂದ ಗೇಣುದ್ದ ಸರಿಸಬೇಕಾಯಿತು, ಅಷ್ಟರಿಂದ ಕೆಡುಕಾಗಲಿಲ್ಲ. ೮೦ ಹರ್ಟ್ಸಿಗಿಂತ ಕೆಳಗಿನ ಸ್ವರಗಳನ್ನು ಮಾತ್ರ ಇವುಗಳಿಗೆ ಒಪ್ಪಿಸಿ, ಎರಡರ ಸದ್ದನ್ನೂ ಸಮಮಾಡಿ, ಬಳಿಕ ಎರಡನ್ನೂ ಇಳಿಸಿದೆನು. ಫೇಸ್ ಗುಂಡಿಯನ್ನು ಎರಡರಲ್ಲಿಯೂ ಒಂದೇ ಬದಿಗೆ ಇಡತಕ್ಕದ್ದು. ಎರಡನ್ನೂ ಕೂಡಿ ತಿರುಗಿಸಿ, ಕುರ್ಚಿಯಲ್ಲಿ ಯಾವಾಗ ಸ್ವರ ತುಂಬಿ ಕೇಳುವುದೋ ಅದನ್ನು ಉಳಿಸಿಕೊಳ್ಳತಕ್ಕದ್ದು.

ಇನ್ನು ಆರೋಗ್ಯದ ಮಾತು. ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಮಂದ್ರವೇ ಮೊದಲು ಮರೆಯಾಗುತ್ತದೆ; ಅದನ್ನು ಹಿಡಿಯಲೆಂದೇ ನಾವು ಒಟ್ಟು ಸದ್ದನ್ನು ಏರಿಸುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ಹೇಳಿರುವ ಮಿತಿ ೮೦ ಡೆಸಿಬಲ್ಲಿನಲ್ಲಿ ವಾರಕ್ಕೆ ೪೦ ಗಂಟೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಮಿತಿ ೪೫ ಡೆಸಿಬಲ್. ಆದರೆ ಆ 'ಎ' ಮಾಪನವು ಮಂದ್ರವನ್ನು ಬಹಳ ಕಡಿಮೆಯಾಗಿ ಎಣಿಸುವುದರಿಂದ, ಅಂಕಿ ನಿಯಮದೊಳಗಿದ್ದರೂ ಪಾತ್ರೆ ನಡುಗಬಹುದು. ಆದಕಾರಣ ನಾನು ೯-೩೦ಕ್ಕೇ ಎರಡನ್ನೂ ಆರಿಸುತ್ತೇನೆ.

ತಂದೆಯವರಿಗೆ ಈಗ ಖರಜ ಕೇಳುತ್ತದೆ, ಮೊದಲಿಗಿಂತ ಮೆಲುದನಿಯಲ್ಲಿಯೇ. ಒಂದು ಸ್ಟೀಲು ತಟ್ಟೆ ಮಾತ್ರ ಈಗಲೂ ಝಣಗುಟ್ಟುವುದೆಂದು ಆಜಿಯವರು ದೂರಿದರು. ಅದನ್ನು ಬೇರೊಂದು ಹಲಗೆಗೆ ಸರಿಸಿಕೊಟ್ಟು ಬಂದೆನು.